ಒಪ್ಪವೂ ಒಪ್ಪಿಗೆಯೂ

ಕನ್ನಡದಲ್ಲಿ ‘ಒಪ್ಪ’ ಎಂದರೆ ಹೊಳಪು, ಮೆರುಗು, ನಯ. ಅಕ್ಕಸಾಲಿಗ ಒಡವೆಗೆ ಒಪ್ಪವಿಡುತ್ತಾನೆ, ಬಡಗಿ ಮಂಚಕ್ಕೆ ಒಪ್ಪ ಹಾಕುತ್ತಾನೆ. ‘ಒಪ್ಪು’ ಎಂದರೆ ಸಮ್ಮತಿಸು. ಹೊಂದು, ಚೆಂದ ಕಾಣು ಎಂಬ ಅರ್ಥವೂ ಅದಕ್ಕುಂಟು. ಈ ಬಣ್ಣ ನಿನಗೆ ಒಪ್ಪುತ್ತದೆ ಎನ್ನುವಾಗ ಬಳಕೆಯಾಗುವುದು ಅದೇ ಮಾತು. ಹೊಳಪಿಗೂ ಸಮ್ಮತಿಗೂ ಹೀಗೆ ಒಂದೇ ಬೇರಿನ ಪದಗಳಿರುವುದು ಮರಗೆಲಸದ ಮಟ್ಟಿಗೆ ಬಹಳ ಕಾಲ ಅರ್ಥಪೂರ್ಣವಾಗಿಯೇ ಇತ್ತು. ಬಡಗಿ ಜಗಲಿಯ ಮೇಲೆ ಕೂತು ಕೆಲಸ ಮಾಡುತ್ತಿದ್ದ, ಮನೆಯ ಯಜಮಾನ ಬಂದು ಬಂದು ಕೈಯಾಡಿಸಿ ನೋಡುತ್ತಿದ್ದ, ಒಪ್ಪ ಸರಿಯಾಗಿ ಬಿದ್ದ ಮೇಲೆ ಒಪ್ಪಿಗೆ ಸಿಗುತ್ತಿತ್ತು. ಇಂದು ಈ ಕ್ರಮ ತಿರುವುಮುರುವಾಗಿದೆ. ಈಗ ಒಪ್ಪಿಗೆ ಮೊದಲು, ಒಪ್ಪ ಆಮೇಲೆ.

ಮನೆ ಕಟ್ಟಿ ನೋಡು ಎಂಬ ಗಾದೆಯ ಕಾಲದಲ್ಲಿ ಇಲ್ಲದ ಒಂದು ಕಷ್ಟ ಇದು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿರಲಿ, ಜಿಲ್ಲಾ ಕೇಂದ್ರದ ಯಾವುದೇ ಪ್ಲೈವುಡ್ ಅಂಗಡಿಯಿರಲಿ, ಹೊಸ ಮನೆ ಕಟ್ಟುವ ದಂಪತಿಯ ಮುಂದೆ ದಪ್ಪ ದಪ್ಪ ಪುಸ್ತಕಗಳನ್ನು ಹರಡುತ್ತಾರೆ. ಪುಸ್ತಕವೆಂದರೆ ಓದುವುದಲ್ಲ, ಪ್ರತಿ ಪುಟಕ್ಕೂ ಇಸ್ಪೀಟು ಎಲೆಯಷ್ಟು ಅಗಲದ ಸನ್‌ಮೈಕಾ ತುಂಡುಗಳನ್ನು ಅಂಟಿಸಿರುತ್ತಾರೆ. ತೇಗ, ಬೀಟೆ, ವಾಲ್‌ನಟ್, ಬಿಳಿ, ಬೂದು, ಬೂದುವಿನಲ್ಲೇ ಹತ್ತು ಬಗೆ. ಅರ್ಧ ಗಂಟೆ ಕಳೆಯುವುದರೊಳಗೆ ಕಣ್ಣು ದಣಿಯುತ್ತದೆ. ‘ಇದೇ ಇರಲಿ’ ಎಂದು ಬೆರಳಿಟ್ಟ ಆ ತುಂಡು ಮುಂದೆ ಎಂಟಡಿ ಎತ್ತರದ ಬೀರುವಾಗಿ, ಅಡುಗೆಮನೆಯ ಇಡೀ ಗೋಡೆಯಾಗಿ ಎದುರಿಗೆ ಬಂದು ನಿಂತಾಗ, ಆರಿಸಿದ್ದು ಇದನ್ನೇ ಹೌದೇ ಎಂಬ ಅನುಮಾನ ಮೂಡುವುದು ಅಪರೂಪವೇನಲ್ಲ.

ಪೀಠೋಪಕರಣದ ಮೈ ಹೇಗಿರಬೇಕು, ಅದನ್ನು ಯಾರು ಯಾವುದರಿಂದ ಪರೀಕ್ಷಿಸಿ ಒಪ್ಪಬೇಕು ಎಂಬುದು ಹೊಸ ಪ್ರಶ್ನೆಯಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಮಂಚ ಮತ್ತು ಆಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅಲ್ಲಿ ಒಪ್ಪತಕ್ಕ ಮರಗಳ ಪಟ್ಟಿಯಿದೆ: ಚಂದನ, ದೇವದಾರು, ಶಾಲ, ಶಾಕ ಅಂದರೆ ನಮ್ಮ ತೇಗ, ಬೀಟೆಯ ದಾಯಾದಿಯಾದ ಶಿಂಶಪೆ, ಹೀಗೆ. ಒಪ್ಪಬಾರದ ಮರಗಳ ಪಟ್ಟಿ ಇನ್ನೂ ಸ್ವಾರಸ್ಯಕರ. ಸಿಡಿಲು ಬಡಿದು ಬಿದ್ದದ್ದು, ಗಾಳಿಗೋ ಪ್ರವಾಹಕ್ಕೋ ಉರುಳಿದ್ದು, ಆನೆ ಕೆಡವಿದ್ದು, ಜೇನೋ ಹಕ್ಕಿಯೋ ಗೂಡು ಕಟ್ಟಿದ್ದು, ತುದಿಯಿಂದ ಒಣಗುತ್ತ ಬಂದದ್ದು, ಬಳ್ಳಿ ಸುತ್ತಿಕೊಂಡದ್ದು ಬೇಡ. ಇವನ್ನೆಲ್ಲ ಶಕುನದ ಮಾತೆಂದು ತಳ್ಳಿಹಾಕುವ ಮುನ್ನ ಒಬ್ಬ ಹಳೆಯ ಬಡಗಿಯನ್ನು ಕೇಳುವುದು ಒಳ್ಳೆಯದು. ಸಿಡಿಲು ಬಡಿದ ಮರದೊಳಗೆ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ನಿಂತಲ್ಲೇ ಒಣಗಿದ ಮರದಲ್ಲಿ ಹುಳು ಸೇರಿರುತ್ತದೆ. ಜೇನು ಕೂರುವ ಪೊಟರೆಯೆಂದರೆ ಒಳಗೆ ಟೊಳ್ಳೆಂದೇ ಅರ್ಥ. ಒಟ್ಟಿನಲ್ಲಿ ಆ ಕಾಲದ ಒಪ್ಪಿಗೆ ಕಾಡಿನಲ್ಲೇ ಶುರುವಾಗುತ್ತಿತ್ತು. ಮೇಲುಮೈಗಿಂತ ಮೊದಲು ಒಳಮೈ.

ಮೇಲುಮೈಯನ್ನು ನಂಬಿ ಮೋಸಹೋಗಬಾರದು ಎಂಬುದಕ್ಕೆ ಮಹಾಭಾರತದ ಅರಗಿನ ಮನೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ವಾರಣಾವತದಲ್ಲಿ ಪುರೋಚನ ಕಟ್ಟಿಸಿದ ಮನೆ ನೋಡಲು ಸೊಗಸಾಗಿಯೇ ಇತ್ತು. ಗೋಡೆಗಳ ನುಣುಪಿಗೆ ಕಾರಣ ಅರಗು, ತುಪ್ಪ, ರಾಳಗಳನ್ನು ಕಲಸಿ ಬಳಿದದ್ದು. ಧರ್ಮರಾಯ ಅದನ್ನು ಪತ್ತೆಹಚ್ಚಿದ್ದು ಕಣ್ಣಿನಿಂದಲ್ಲ, ಮೂಗಿನಿಂದ. ಒಳಗೆ ಕಾಲಿಟ್ಟೊಡನೆ ವಾಸನೆ ಹಿಡಿದು ಭೀಮನಿಗೆ ತಿಳಿಸಿದನೆಂದು ಕತೆ. ಹೊಸ ಮನೆಯನ್ನು ವಹಿಸಿಕೊಳ್ಳುವ ದಿನ ಒಡೆಯನಾದವನು ಮಾಡಬೇಕಾದ ತಪಾಸಣೆಯ ಬಗ್ಗೆ ನಮ್ಮಲ್ಲಿರುವ ಬಹು ಹಳೆಯ ವರದಿ ಇದೇ ಇರಬಹುದೇನೋ!

ಆ ಅರಗಿನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನೂರಾರು ವರ್ಷ ನಮ್ಮ ಮರದ ಸಾಮಾನುಗಳಿಗೆ ಒಪ್ಪ ಬಂದದ್ದು ಅದರಿಂದ. ಮುತ್ತುಗ, ಬೋರೆಯಂಥ ಮರಗಳ ಎಳೆಯ ಕೊಂಬೆಗಳ ಮೇಲೆ ಸಾಸಿವೆಗಿಂತ ಚಿಕ್ಕ ಹುಳುಗಳು ಸಾವಿರಗಟ್ಟಲೆ ನೆಲೆಯೂರಿ ರಸ ಹೀರುತ್ತವೆ. ತಮ್ಮ ರಕ್ಷಣೆಗೆಂದು ಮೈಯಿಂದ ಅಂಟು ಸುರಿಸುತ್ತವೆ. ಅದು ಗಟ್ಟಿಯಾಗಿ ಕೊಂಬೆಯ ಸುತ್ತ ಹೊಪ್ಪಳೆಯಂತೆ ಕೂರುತ್ತದೆ. ಅದನ್ನು ಕೆರೆದು, ಕುಟ್ಟಿ, ತೊಳೆದರೆ ಕಾಳಿನಂಥ ಅರಗು. ತೊಳೆದ ನೀರಿನಲ್ಲಿ ಕೆಂಪು ಬಣ್ಣ ಬಿಡುತ್ತದೆ. ಕೃತಕ ಬಣ್ಣಗಳು ಬರುವ ಮುನ್ನ ಅದಕ್ಕೂ ಒಳ್ಳೆಯ ಬೆಲೆಯಿತ್ತು. ಕಾಳನ್ನು ಉದ್ದನೆಯ ಬಟ್ಟೆಚೀಲದಲ್ಲಿ ತುಂಬಿ ಬೆಂಕಿಯ ಎದುರು ಹಿಂಡಿ ಕರಗಿಸುತ್ತಾರೆ. ಬಿಸಿಯಾಗಿರುವಾಗಲೇ ಕೈ, ಕಾಲು, ಬಾಯಿಗಳಿಂದ ಹಿಡಿದು ಹಪ್ಪಳದಂತೆ ಎಳೆದು ತೆಳುವಾದ ಹಾಳೆ ಮಾಡುವುದು ಹಳೆಯ ಕ್ರಮ. ಈ ಹಾಳೆಯ ಚೂರುಗಳೇ ಜಗತ್ತಿಗೆ ಶೆಲ್ಯಾಕ್ ಎಂದು ಪರಿಚಿತ. ಇಂದಿಗೂ ಜಾರ್ಖಂಡದ ಕಾಡುಗಳೇ ಇದರ ದೊಡ್ಡ ನೆಲೆ. ರಾಂಚಿಯ ಬಳಿ ಅರಗಿನ ಸಂಶೋಧನೆಗೆಂದೇ ಒಂದು ಸಂಸ್ಥೆ 1924ರಲ್ಲಿ ಸ್ಥಾಪನೆಯಾಯಿತು. ಪ್ಲಾಸ್ಟಿಕ್ ತಟ್ಟೆಗಳು ಬರುವವರೆಗೆ ಗ್ರಾಮಫೋನ್ ತಟ್ಟೆಗಳನ್ನೂ ಇದೇ ಅರಗಿನಿಂದ ಮಾಡುತ್ತಿದ್ದರು ಎಂದರೆ ಇದರ ವ್ಯಾಪ್ತಿ ತಿಳಿದೀತು.

ಇದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಉಜ್ಜುವ ವಿಧಾನ 19ನೇ ಶತಮಾನದ ಮೊದಲ ದಶಕಗಳಲ್ಲಿ ಯೂರೋಪಿನಲ್ಲಿ ಹಬ್ಬಿತು. ಅದಕ್ಕೆ ಫ್ರೆಂಚ್ ಪಾಲಿಶ್ ಎಂದು ಹೆಸರಾಯಿತು. ನಮ್ಮ ಮುತ್ತುಗದ ಮರದ ಹುಳುವಿನ ಅಂಟು ಹಡಗು ಹತ್ತಿ ಹೋಗಿ, ವಿಲಾಯಿತಿ ಹೆಸರು ಹೊತ್ತು, ದೊರೆಗಳ ಬಂಗಲೆಗಳ ಮೂಲಕ ನಮ್ಮಲ್ಲಿಗೇ ವಾಪಸಾದ ಬಗೆ ಇದು.

ಈ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಮೊದಲು ಉಪ್ಪುಕಾಗದದಿಂದ ಮರವನ್ನು ಅದರ ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದರೆ ಬಿದ್ದ ಗೀರು ಪಾಲಿಶ್ ಹಾಕಿದ ಮೇಲೆಯೇ ಕಾಣುವುದು, ಆಗ ಕಾಲ ಮೀರಿರುತ್ತದೆ. ಮರದ ಸಣ್ಣ ರಂಧ್ರಗಳಿಗೆ ಬಣ್ಣ ಬೆರೆಸಿದ ಸೀಮೆಸುಣ್ಣದ ಪುಡಿಯನ್ನು ತುಂಬಬೇಕು. ಅರಗನ್ನು ಹಿಂದಿನ ದಿನವೇ ಸ್ಪಿರಿಟ್ಟಿನಲ್ಲಿ ನೆನೆಹಾಕಿ ಶೋಧಿಸಿಟ್ಟಿರಬೇಕು. ಹತ್ತಿಯ ಉಂಡೆಯನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಅದನ್ನು ಅದ್ದಿ, ಸುತ್ತು ಸುತ್ತಾಗಿ, ಎಲ್ಲಿಯೂ ಕೈ ನಿಲ್ಲಿಸದೆ ಒರೆಸುತ್ತ ಹೋಗಬೇಕು. ಕೈ ಒಂದು ಕ್ಷಣ ನಿಂತರೂ ಬಟ್ಟೆ ಅಂಟಿಕೊಂಡು ಅಲ್ಲೊಂದು ಕಲೆ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು, ಮತ್ತೊಂದು. ಮಳೆಗಾಲದ ತೇವದ ದಿನ ಹಾಕಿದರೆ ಮೈ ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಹಾಗಾಗಿ ಅನುಭವಸ್ಥ ಪಾಲಿಶ್ ಮೇಸ್ತ್ರಿ ಆಕಾಶ ನೋಡಿ ಕೆಲಸ ಹಿಡಿಯುತ್ತಿದ್ದ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅರಗಿನ ಲೇಪ ಗಟ್ಟಿಯಾಗುವುದು ಸ್ಪಿರಿಟ್ ಆರಿಹೋಗುವುದರಿಂದ ಮಾತ್ರ. ಮತ್ತೆ ಸ್ಪಿರಿಟ್ ತಗುಲಿದರೆ ಅದು ಪುನಃ ಕರಗುತ್ತದೆ. ಇದು ಅದರ ದೌರ್ಬಲ್ಯ, ಇದೇ ಅದರ ಗುಣ. ಇಪ್ಪತ್ತು ವರ್ಷ ಹಳೆಯ ಕುರ್ಚಿಯ ತೋಳು ಸವೆದಿದ್ದರೆ ಅಷ್ಟೇ ಭಾಗಕ್ಕೆ ಹೊಸ ಅರಗು ಉಜ್ಜಿದರೆ ಸಾಕು. ಹೊಸದು ಹಳೆಯದನ್ನು ಕರಗಿಸಿ ಅದರೊಡನೆ ಒಂದಾಗಿಬಿಡುತ್ತದೆ, ತೇಪೆ ಕಾಣುವುದಿಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಮುನ್ನ ಪಾಲಿಶ್‌ನವರನ್ನು ಕರೆಸಿ ಮನೆಯ ಸಾಮಾನುಗಳಿಗೆಲ್ಲ ಒಂದು ‘ಕೈ’ ಕೊಡಿಸುವ ರೂಢಿ ಬೆಳೆದದ್ದು ಇದರಿಂದಲೇ. ಒಪ್ಪಿಗೆಯೆಂಬುದು ಆಗ ಒಂದು ಸಲಕ್ಕೆ ಮುಗಿಯುವ ಮಾತಾಗಿರಲಿಲ್ಲ. ಮೆಚ್ಚದಿದ್ದರೆ ಮತ್ತೆ ಮಾಡಿಸಬಹುದಿತ್ತು, ಬಣ್ಣ ಕಡುವಾದರೆ ತಿಳಿಯಾಗಿಸಬಹುದಿತ್ತು.

ಅರಗಿನ ಇನ್ನೊಂದು ಒಪ್ಪ ಚನ್ನಪಟ್ಟಣದ್ದು. ಅಲ್ಲಿ ಸ್ಪಿರಿಟ್ ಇಲ್ಲ, ಕುಂಚವಿಲ್ಲ. ಚರಕಿಯ ಮೇಲೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಅದರ ಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹೊಳಪು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳೂ ಅರಗಿನ ಬಣ್ಣಕ್ಕೆ ಹೆಸರಾದವು. ಸಾಗುವಾನಿಯ ಪಟ್ಟಿಗಳ ಮೇಲೆ ಕೃಷ್ಣಲೀಲೆ, ರಾಮಾಯಣ, ಮಹಾಭಾರತಗಳ ಚಿತ್ರ, ಬಳ್ಳಿ, ಹೂವು. ಉತ್ತರ ಕರ್ನಾಟಕದಲ್ಲಿ ಮಗಳ ಚೊಚ್ಚಲ ಹೆರಿಗೆಗೆ ತವರಿನಿಂದ ತೊಟ್ಟಿಲು ಹೋಗುವ ಪದ್ಧತಿಯಿದೆ. ಒಂದು ಮನೆಯ ತೊಟ್ಟಿಲಲ್ಲಿ ಮೂರು ತಲೆಮಾರು ಮಲಗಿದ್ದುಂಟು. ಓಣಿಯವರು ಎರವಲು ಒಯ್ದು ಮರಳಿಸುವುದೂ ಉಂಟು.

ತೊಟ್ಟಿಲಿನ ಬಣ್ಣವನ್ನು ಒಪ್ಪುವವರು ಯಾರು? ಹಣ ಕೊಡುವವನು ಅಜ್ಜ. ಆರಿಸುವವಳು ಅಜ್ಜಿ. ಆದರೆ ಅದನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವುದು ಹಲ್ಲು ಮೂಡುವ ಕಾಲದ ಮಗು. ಅದು ಅಂಚನ್ನು ಕಚ್ಚುತ್ತದೆ, ನೆಕ್ಕುತ್ತದೆ. ಅರಗು ಹೊಟ್ಟೆಗೆ ಹೋದರೆ ಹಾನಿಯಿಲ್ಲ. ಮಿಠಾಯಿಗಳಿಗೆ, ಮಾತ್ರೆಗಳಿಗೆ ಇಂದಿಗೂ ಅದರ ಹೊದಿಕೆಯಿದೆ. ಆದರೆ ಮಾರುಕಟ್ಟೆಗೆ ಡಬ್ಬಿಯ ಬಣ್ಣ ಬಂದ ಮೇಲೆ ಲೆಕ್ಕ ಬದಲಾಯಿತು. ಗಾಢ ಹಳದಿ, ಕೇಸರಿ, ಕೆಂಪು ಬಣ್ಣಗಳ ಹೊಳಪಿಗೂ ಬಾಳಿಕೆಗೂ ಬಹುಕಾಲ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಭಾರತದಲ್ಲಿ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಬಳಿದ ಬಣ್ಣ ಅಟ್ಟದ ಮೇಲಿನ ಎಷ್ಟೋ ತೊಟ್ಟಿಲುಗಳಲ್ಲಿ ಹಾಗೆಯೇ ಇದೆ. ಮೊಮ್ಮಗುವಿಗೆಂದು ಅಂಥದನ್ನು ಇಳಿಸಿ, ಡಬ್ಬಿಯ ಬಣ್ಣವೆಂದು ಗೊತ್ತಿದ್ದೂ ಒಣದಾಗಿ ಉಪ್ಪುಕಾಗದ ಉಜ್ಜಿ ಪುಡಿ ಹಾರಿಸುವುದು ಮನೆಯೊಳಗೆ ಮಾಡಬಾರದ ಕೆಲಸ. ಕೊಳ್ಳುವಾಗ ‘ಇದು ಅರಗಿನ ಬಣ್ಣವೋ ಡಬ್ಬಿಯ ಬಣ್ಣವೋ, ಡಬ್ಬಿಯ ಮೇಲೆ ಏನು ಬರೆದಿದೆ’ ಎಂದು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಒಪ್ಪಿಗೆ ಕೊಡುವ ಅಧಿಕಾರ ಮನೆಯವರ ಕೈಯಿಂದ ಕಾನೂನಿನ ಕೈಗೂ ಜಾರಿದ್ದುಂಟು. ಮೈಸೂರಿನ ಬೀಟೆಯ ಕೆತ್ತುಕೂಡಿಕೆ ಇದಕ್ಕೆ ನಿದರ್ಶನ. 1897ರ ಬೆಂಕಿಯ ಬಳಿಕ ಹೆನ್ರಿ ಇರ್ವಿನ್‌ನ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆಯಲ್ಲಿ ಕಪ್ಪು ಬೀಟೆಗೆ ಬಿಳಿಯ ದಂತ ಕೂಡಿಸಿದ ಬಾಗಿಲುಗಳನ್ನು ಇಂದಿಗೂ ನೋಡಬಹುದು. ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1990ರಲ್ಲಿ ತಡೆ ಬಿತ್ತು, ದೇಶದೊಳಗೂ ಕಾನೂನು ಬಿಗಿಯಾಯಿತು. ಕುಶಲಕರ್ಮಿಗಳು ದಂತವನ್ನು ಬಿಟ್ಟು ಹಲಸಿನ ಹಳದಿ, ಬೇರೆ ಬೇರೆ ಮರಗಳ ಸಹಜ ಬಣ್ಣಗಳಿಂದಲೇ ಆನೆ, ಅಂಬಾರಿ, ಹಳ್ಳಿಯ ದಾರಿ ಕೂಡಿಸತೊಡಗಿದರು. ಬಿಳಿಯ ಜಾಗಕ್ಕೆ ಪ್ಲಾಸ್ಟಿಕ್ಕೂ ಬಂತು. 2017ರಲ್ಲಿ ಬೀಟೆಯ ಕುಲದ ಮರಗಳೇ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿದಾಗ ರಫ್ತಿಗೆ ಪೆಟ್ಟು ಬಿತ್ತು; ಪ್ರತಿ ವಸ್ತುವಿನಲ್ಲಿ ಮರದ ತೂಕ 10 ಕಿಲೋಗಿಂತ ಕಡಿಮೆಯಿದ್ದರೆ ವಿನಾಯಿತಿಯೆಂಬ ಸಮಾಧಾನ ದೊರೆತದ್ದು 2022ರಲ್ಲಿ.

ಇಷ್ಟೆಲ್ಲ ಗುಣವಿದ್ದ ಅರಗಿನ ಪಾಲಿಶ್ ಮನೆಗಳಿಂದ ಏಕೆ ಮರೆಯಾಯಿತು? ಉತ್ತರ ಒಂದು ಲೋಟ ಕಾಫಿಯಲ್ಲಿದೆ. ನೀರು ಕುದಿಯುವ ಶಾಖಕ್ಕಿಂತ ಸಾಕಷ್ಟು ಮೊದಲೇ ಅರಗು ಮೆದುವಾಗುತ್ತದೆ. ಬಿಸಿ ಲೋಟ ಇಟ್ಟಲ್ಲಿ ಬಿಳಿಯ ಉಂಗುರ ಏಳುತ್ತದೆ. ಸರಕಾರಿ ಕಚೇರಿಗಳ ದೊಡ್ಡ ಮೇಜುಗಳ ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಗಾಜು ಹೊದಿಸಿ, ಗಾಜಿನಡಿ ಕ್ಯಾಲೆಂಡರು, ದೇವರ ಪಟ, ದೂರವಾಣಿ ಸಂಖ್ಯೆಗಳ ಚೀಟಿ ಸೇರಿಸುತ್ತಿದ್ದ ಕಾಲವನ್ನು ಹಲವರು ಕಂಡಿದ್ದಾರೆ. ಒಪ್ಪವನ್ನು ಉಳಿಸಲು ಒಪ್ಪವನ್ನೇ ಮುಚ್ಚಿಡುವ ಉಪಾಯ ಅದು! ಅಡುಗೆಮನೆಯಲ್ಲಂತೂ ಎಣ್ಣೆ, ನೀರು, ಹಬೆಗಳ ನಡುವೆ ಅರಗಿನ ಲೇಪ ಬಾಳುವ ಮಾತೇ ಇರಲಿಲ್ಲ.

ಅಲ್ಲಿಗೆ ಬಂದದ್ದು ಲ್ಯಾಮಿನೇಟ್. ಅದರ ಹುಟ್ಟಿಗೂ ಪೀಠೋಪಕರಣಕ್ಕೂ ಸಂಬಂಧವಿರಲಿಲ್ಲ. ಲಿಯೋ ಬೇಕ್‌ಲಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬೇಕಲೈಟ್ ತಯಾರಿಸಿದ. ಆ ಅಂಟನ್ನು ಕಾಗದ, ಬಟ್ಟೆಗಳಿಗೆ ಊಡಿಸಿ ಪದರ ಪದರವಾಗಿ ಒತ್ತಿದರೆ ವಿದ್ಯುತ್ ಹರಿಯದ ಗಟ್ಟಿ ಹಾಳೆಯಾಗುತ್ತದೆಂದು ಅಮೆರಿಕದ ಇಬ್ಬರು ಎಂಜಿನಿಯರುಗಳು, ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್, ಕಂಡುಕೊಂಡರು. ವಿದ್ಯುತ್ ಯಂತ್ರಗಳಲ್ಲಿ ಬಳಸುತ್ತಿದ್ದ ಅಭ್ರಕಕ್ಕೆ, ಅಂದರೆ ಮೈಕಾಕ್ಕೆ, ಬದಲಿ ಎಂಬ ಅರ್ಥದಲ್ಲಿ ಅದು ‘ಫಾರ್ಮೈಕಾ’ ಆಯಿತು. 1913ರಲ್ಲಿ ಕಂಪೆನಿ ಶುರುವಾಯಿತು. 1920ರ ದಶಕದಲ್ಲಿ ಮೇಲಿನ ಪದರಕ್ಕೆ ಚಿತ್ರ ಮುದ್ರಿಸಿದ ಕಾಗದ ಸೇರಿತು, 1930ರ ದಶಕದ ಕೊನೆಗೆ ಬಣ್ಣ ಕೆಡದ ಮೆಲಮೈನ್ ಅಂಟು ಬಂತು. ನಮ್ಮಲ್ಲಿ ಒಂದು ಕಂಪೆನಿಯ ಹೆಸರಾದ ‘ಸನ್‌ಮೈಕಾ’ ಎಲ್ಲ ಕಂಪೆನಿಗಳ ಹಾಳೆಗೂ ಸಲ್ಲುವ ಹೆಸರಾಗಿಬಿಟ್ಟಿದೆ. ಬಡಗಿಯ ಬಾಯಲ್ಲಿ ಅದು ಬರೀ ‘ಮೈಕಾ’. ಅದರಲ್ಲಿ ಅಭ್ರಕ ಎಳ್ಳಷ್ಟೂ ಇಲ್ಲವೆಂಬುದು ಬೇರೆ ಮಾತು. ಅದು ಕಾಗದ, ಅಂಟು. ಎಂಟಡಿ ಉದ್ದ, ನಾಲ್ಕಡಿ ಅಗಲ, ಸಾಮಾನ್ಯವಾಗಿ ಒಂದು ಮಿಲಿಮೀಟರ್ ದಪ್ಪ.

ಕಾಗದವೆಂದು ಹಗುರವಾಗಿ ಕಾಣಬೇಕಿಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2046ರ ಪ್ರಕಾರ ಈ ಹಾಳೆ ಕುದಿಯುವ ನೀರು, ಒಣ ಶಾಖ, ಉರಿಯುವ ಸಿಗರೇಟು, ಕಲೆ, ಸವೆತಗಳ ಪರೀಕ್ಷೆ ಗೆಲ್ಲಬೇಕು. ಬಿಸಿ ಕಾಫಿ ಲೋಟದ ಉಂಗುರ ಅದರ ಮೇಲೆ ಮೂಡುವುದಿಲ್ಲ. ಹೋಟೆಲಿನ ಮೇಜು ದಿನಕ್ಕೆ ನೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೂ ಹಾಗೆಯೇ ಇರುತ್ತದೆ. ಗೃಹಿಣಿಯರಿಗೆ ಅದು ಇಷ್ಟವಾದದ್ದು ಸಹಜ. ಅರಗಿನ ಮೇಜನ್ನು ಕಾಯುವ ಕೆಲಸ ಮಾಡಿದವರು ಅವರೇ ತಾನೇ!

ಕಾಡಿನ ಕಡೆಯಿಂದಲೂ ಒತ್ತಡ ಬಂತು. ಮರಗಳ ನಾಶ ತಡೆಯಲೆಂದು ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತು. ಅದು ತೆರವಾದದ್ದು 2020ರಲ್ಲಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶ ದೇಶದ ಅರಣ್ಯಗಳಲ್ಲಿ ಮನಸೋಇಚ್ಛೆ ಮರ ಕಡಿಯುವುದನ್ನು ನಿಲ್ಲಿಸಿತು. ಒಳ್ಳೆಯ ತೇಗ ಸಾಮಾನ್ಯರ ಕೈಗೆ ನಿಲುಕದಾಯಿತು. ತೋಟದಲ್ಲಿ ಬೆಳೆದ ನೀಲಗಿರಿ, ಸಿಲ್ವರ್ ಓಕ್, ಪಾಪ್ಲರ್ ಮರಗಳ ಪ್ಲೈವುಡ್ಡಿನ ಮೇಲೆ ತೇಗದ ಚಿತ್ರವಿರುವ ಹಾಳೆ ಅಂಟಿಸುವುದು ವಾಡಿಕೆಯಾಯಿತು. ಕಾಡಿನ ಮಟ್ಟಿಗೆ ಇದನ್ನು ದೂರುವಂತಿಲ್ಲ. ದೂರಬೇಕಾದದ್ದೇನಾದರೂ ಇದ್ದರೆ ನಾವು ಅದನ್ನು ಆರಿಸುವ ರೀತಿಯನ್ನು.

ಅಂಗಡಿಯ ತುಂಡು ಹಲವು ಬಗೆಯಲ್ಲಿ ಕಣ್ಣು ತಪ್ಪಿಸುತ್ತದೆ. ಮೊದಲನೆಯದು ಗಾತ್ರ. ಅಂಗೈಯಗಲದಲ್ಲಿ ಸೌಮ್ಯವಾಗಿ ಕಂಡ ಬಣ್ಣ ಗೋಡೆಯಗಲಕ್ಕೆ ಹರಡಿದಾಗ ಹೆಚ್ಚು ಗಾಢವೆನಿಸುತ್ತದೆ. ಮರದ ಚಿತ್ರದ ಹಾಳೆಯಾದರೆ ಇನ್ನೊಂದು ತೊಡಕು: ಕಾಗದಕ್ಕೆ ಚಿತ್ರ ಬೀಳುವುದು ಉರುಳೆಯಿಂದ, ಉರುಳೆ ಒಂದು ಸುತ್ತು ಮುಗಿಸಿದಾಗಲೆಲ್ಲ ಅದೇ ಗಂಟು, ಅದೇ ಸುಳಿ ಮತ್ತೆ ಬರುತ್ತದೆ. ಸಣ್ಣ ತುಂಡಿನಲ್ಲಿ ಇದು ತಿಳಿಯುವುದಿಲ್ಲ. ನಾಲ್ಕು ಬಾಗಿಲ ಬೀರುವಿನಲ್ಲಿ ನಾಲ್ಕು ಬಾಗಿಲಿಗೂ ಒಂದೇ ಎತ್ತರದಲ್ಲಿ ಒಂದೇ ಗಂಟು ಕಂಡಾಗ ಕಾಡಿನ ಭ್ರಮೆ ಹರಿಯುತ್ತದೆ. ಆದ್ದರಿಂದ ಆಯ್ದ ಎರಡು ಮೂರು ಬಗೆಗಳ ಪೂರ್ತಿ ಹಾಳೆಯನ್ನು ಗೋದಾಮಿನಿಂದ ತರಿಸಿ, ಗೋಡೆಗೆ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡುವುದು ಉತ್ತಮ. ಅಂಗಡಿಯವರು ಮುಖ ಸಿಂಡರಿಸಿದರೂ ತೋರಿಸುತ್ತಾರೆ.

ಎರಡನೆಯದು ಬೆಳಕು. ಹಗಲಿನಲ್ಲಿ ಒಂದೇ ಬಣ್ಣವೆಂದು ಕಂಡ ಎರಡು ಮೈಗಳು ದೀಪದಡಿ ಬೇರೆ ಬೇರೆಯಾಗಿ ಕಾಣಬಹುದು. ಎರಡರಲ್ಲೂ ಬಳಸಿದ ಬಣ್ಣದ ಪದಾರ್ಥ ಬೇರೆಯಾಗಿರುವುದು ಇದಕ್ಕೆ ಕಾರಣ. ಸೀರೆಗೆ ರವಿಕೆಯ ಬಟ್ಟೆ ಹೊಂದಿಸುವವರು ಅಂಗಡಿಯಿಂದ ಬೀದಿಗೆ ಬಂದು ಬಿಸಿಲಿಗೆ ಹಿಡಿದು ನೋಡುವುದು ಇದೇ ಜ್ಞಾನದಿಂದ. ಬೀರುವಿನ ವಿಷಯದಲ್ಲಿ ಅದೇ ಜನ ಅದನ್ನು ಮರೆಯುವುದೇಕೋ ತಿಳಿಯದು. ತುಂಡನ್ನು ಮನೆಗೆ ತಂದು, ಅದು ನಿಲ್ಲಬೇಕಾದ ಜಾಗದಲ್ಲಿ, ಮಲಗಿಸದೆ ನಿಲ್ಲಿಸಿಯೇ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ದೀಪ ಹಾಕಿ ಒಮ್ಮೆ ನೋಡಬೇಕು. ಆ ತುಂಡಿಗೇ ಅರಿಶಿನ, ಎಣ್ಣೆ, ಹುಣಸೆರಸ ಹಚ್ಚಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಒರೆಸಿ ನೋಡಿದರೆ ಅಡುಗೆಮನೆಗೆ ಆಗುತ್ತದೋ ಇಲ್ಲವೋ ಎಂಬುದು ಅಂಗಡಿಯವರ ಮಾತಿಲ್ಲದೆಯೇ ಗೊತ್ತಾಗುತ್ತದೆ. ಕನ್ನಡಿ ಹೊಳಪಿನ ಮೈ ಬೆರಳ ಗುರುತನ್ನೂ ಕೆಳಗಿನ ಹಲಗೆಯ ಏರುತಗ್ಗನ್ನೂ ತೋರಿಸಿಬಿಡುತ್ತದೆ; ಮಂದ ಮೈ ಗೀರನ್ನು ಮುಚ್ಚುತ್ತದೆ, ಆದರೆ ತರಿತರಿಯಾಗಿದ್ದರೆ ಜಿಡ್ಡು ಹಿಡಿಯುತ್ತದೆ. ಎರಡೂ ಬೇಕೆಂದರೆ ಸಿಗುವುದಿಲ್ಲ.

ನಿಜವಾದ ಮರವನ್ನೇ ಆರಿಸುವವರಿಗೆ ಮೂರನೆಯ ತೊಡಕು: ಕಾಲ. ಹೊಸದಾಗಿ ಕೊಯ್ದ ತೇಗದಲ್ಲಿ ಕಾಣುವ ಮಚ್ಚೆಗಳು ಬೆಳಕು ಬಿದ್ದಂತೆ ಒಂದಾಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಹಲಸಿನ ಹಸಿ ಹಳದಿ ಕೆಲವು ವರ್ಷಗಳಲ್ಲಿ ಕೆಂಗಂದಾಗುತ್ತದೆ. ಬೀಟೆ ಮಾತ್ರ ತಿರುಗಿನಡೆ, ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ಅಂದರೆ ಇಂದು ಒಪ್ಪಿದ್ದು ಐದು ವರ್ಷದ ಬಳಿಕದ ಬಣ್ಣವಲ್ಲ. ಮಂದವಾಗಿ ಕಂಡಿತೆಂದು ಹೊಸ ಹಲಸಿಗೆ ಕಡುಬಣ್ಣ ಹಚ್ಚಿಸಿದವರು ಮುಂದೆ ಪೇಚಾಡುತ್ತಾರೆ. ತೆಳುವಾದ ಮರದ ಹಾಳೆ, ಅಂದರೆ ವೆನೀರ್ ಕೊಳ್ಳುವಾಗ ಮಾದರಿ ನೋಡಿ ಒಪ್ಪುವುದೇ ತಪ್ಪು. ಒಂದು ದಿಮ್ಮಿಯಿಂದ ಸೀಳಿದ ಹಾಳೆಗಳು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಕಟ್ಟಾಗಿರುತ್ತವೆ. ಎದುರುಬದುರು ಬಿಡಿಸಿಟ್ಟರೆ ಎಳೆಗಳು ಕೈಜೋಡಿಸಿದಂತೆ ಕೂಡುತ್ತವೆ. ಬೇಕಾದ ಅಷ್ಟೂ ಹಾಳೆಗಳನ್ನು ಒಂದೇ ಕಟ್ಟಿನಿಂದ ಆರಿಸಿ, ಅವುಗಳಿಗೆ ಸಂಖ್ಯೆ ಬರೆಸಬೇಕು. ಆ ಮರ ಮುಗಿದರೆ ಅಂಥದೇ ಇನ್ನೊಂದು ಸಿಗದು.

ಕಾಣದ ಮೈಯ ಕಡೆಗೂ ಒಂದು ಮಾತು. ಬಾಗಿಲಿನ ಹೊರಮೈಗೆ ಮಾತ್ರ ಸನ್‌ಮೈಕಾ ಅಂಟಿಸಿ ಒಳಮೈಯನ್ನು ಬರಿದಾಗಿ ಬಿಟ್ಟರೆ, ಎರಡು ಕಡೆಯೂ ತೇವವನ್ನು ಒಂದೇ ಸಮನೆ ಹೀರದೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಒಳಗೂ ಹಾಳೆ ಬೇಕು, ಅಗ್ಗದ್ದಾದರೂ ಸರಿ. ಅಂಚು ತೆರೆದಿದ್ದರೆ ನೀರು ಅಲ್ಲಿಂದಲೇ ಇಳಿಯುವುದು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಬಾಗಿಲು ಮೊದಲು ಉಬ್ಬುವುದು ಏಕೆಂದು ಯೋಚಿಸಬೇಕಿಲ್ಲ. ಇನ್ನು ಹೊಸ ಬೀರು ತೆರೆದಾಗ ಕಣ್ಣು ಉರಿಸುವ ವಾಸನೆ. ಅದು ಹಲಗೆಯ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್. ಅದು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿತು. ಕಡಿಮೆ ಹೊಮ್ಮುವ ಹಲಗೆಗಳಿಗೆ ‘ಇ-1’, ‘ಇ-0’ ಎಂಬ ಗುರುತುಗಳಿವೆ. ಬಣ್ಣ ಆರಿಸಲು ಅರ್ಧ ದಿನ ಕಳೆಯುವವರು ಇದನ್ನು ಕೇಳಲು ಅರ್ಧ ನಿಮಿಷ ಕಳೆಯಬಹುದು. ಧರ್ಮರಾಯನ ಮೂಗು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಅನುಭವವಿರುವ ವಾಸ್ತುಶಿಲ್ಪಿಗಳು ಪಾಲಿಸುವ ಒಂದು ಪದ್ಧತಿಯನ್ನು ಸಾಮಾನ್ಯರೂ ಪಾಲಿಸಬಹುದು. ಒಪ್ಪಿದ ಹಾಳೆಯ ಎರಡು ತುಂಡುಗಳ ಬೆನ್ನಿಗೆ ಕಂಪೆನಿ, ಸಂಖ್ಯೆ, ಮೈಯ ಬಗೆ, ದಪ್ಪ, ತಾರೀಕು ಬರೆದು ಮನೆಯವರೂ ಬಡಗಿಯೂ ರುಜು ಹಾಕುತ್ತಾರೆ. ಒಂದು ಮನೆಯವರಲ್ಲಿ, ಇನ್ನೊಂದು ಕೆಲಸದ ಜಾಗದಲ್ಲಿ. ಬಂದ ಮಾಲನ್ನು ಅಂಟಿಸುವ ಮುನ್ನ ಇದರೊಡನೆ ಹಿಡಿದು ನೋಡುತ್ತಾರೆ. ಅಂಟಿಸಿದ ಮೇಲೆ ನೋಡಿ ಪ್ರಯೋಜನವಿಲ್ಲ. ಪಾಲಿಶ್ ಕೆಲಸವಾದರೆ ಅದೇ ಮರದ ಒಂದು ಚೂರಿನ ಮೇಲೆ ಎಲ್ಲ ಕೋಟುಗಳನ್ನೂ ಹಾಕಿಸಿ, ಒಣಗಿಸಿ, ಅದನ್ನು ಒಪ್ಪುತ್ತಾರೆ. ಬೇರೆ ಮರದ ಮೇಲಿನ ಮಾದರಿ ಮಾದರಿಯೇ ಅಲ್ಲ. ಒಂದೇ ಸಂಖ್ಯೆಯ ಹಾಳೆಯಾದರೂ ಬೇರೆ ಬೇರೆ ಸಲ ತಯಾರಾದವುಗಳ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುವುದರಿಂದ ಪೂರ್ತಿ ಮನೆಗೆ ಬೇಕಾದಷ್ಟನ್ನು ಒಂದೇ ಸಲಕ್ಕೆ ತರಿಸುವುದು ವಾಸಿ.

ಇಷ್ಟು ಎಚ್ಚರವೇಕೆಂದರೆ ಇಂದಿನ ಮೈಗಳಿಗೆ ಎರಡನೆಯ ಅವಕಾಶವಿಲ್ಲ. ಸನ್‌ಮೈಕಾದ ಮೂಲೆ ಒಡೆದರೆ ಅರಗಿನಂತೆ ಅಲ್ಲಿಗಷ್ಟೇ ಉಜ್ಜಿ ಸರಿಮಾಡಲು ಬರುವುದಿಲ್ಲ. ಮೆಲಮೈನ್, ಪಿಯು ಪಾಲಿಶ್‌ಗಳೂ ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ. ಒಮ್ಮೆ ಗಟ್ಟಿಯಾದರೆ ಹಿಂದಿನ ಕೋಟು ಹೊಸದರೊಡನೆ ಬೆರೆಯುವುದಿಲ್ಲ, ಗೀರು ಬಿದ್ದರೆ ಇಡೀ ಹಲಗೆಯನ್ನು ಉಜ್ಜಬೇಕು. ಹಳೆಯ ಬಾಗಿಲನ್ನು ಬದಲಿಸೋಣವೆಂದರೆ ಅದೇ ಬಗೆಯ ಹಾಳೆ ಸಿಗಬೇಕಲ್ಲ. ಕಂಪೆನಿಗಳು ಕೆಲವೇ ವರ್ಷಗಳಿಗೆ ಪುಸ್ತಕ ಬದಲಿಸುತ್ತವೆ. ಹತ್ತು ವರ್ಷದ ಹಿಂದಿನ ಸಂಖ್ಯೆಯನ್ನು ಹೇಳಿದರೆ ಅಂಗಡಿಯ ಹುಡುಗ ನಗುತ್ತಾನೆ.

ಇದನ್ನು ಬಲ್ಲ ಬಡಗಿಗಳು ಕೆಲಸ ಮುಗಿಸಿ ಹೊರಡುವಾಗ ಉಳಿದ ಸನ್‌ಮೈಕಾ ತುಂಡುಗಳನ್ನು ಒಟ್ಟಿಗೆ ಕಟ್ಟಿ ಮನೆಯಾಕೆಯ ಕೈಗೆ ಕೊಡುತ್ತಾರೆ: ‘ಎಸೀಬೇಡಿ ಅಮ್ಮ, ಮುಂದೆ ಬೇಕಾಗುತ್ತೆ.’ ಎಷ್ಟೋ ಮನೆಗಳ ಅಟ್ಟದಲ್ಲಿ, ಹಳೆಯ ತೊಟ್ಟಿಲ ಪಕ್ಕದಲ್ಲಿ, ಆ ಕಟ್ಟು ಇನ್ನೂ ಒರಗಿಕೊಂಡಿದೆ.